ಮೂರು ತಿಂಗಳು ತುಂಬುವವರೆಗೆ

೧೨ ಜೂನ್ ೨೦೦೩, ನಂಜನಗೂಡು

ಸೊಸೆ ನಯನಳ ಮಾತ್ರೆಗಾಗಿ ಇವತ್ತು ಮೈಸೂರಿಗೆ ಹೋಗಿ ಬಂದೆವು. ಮಗ ಅಮೃತೇಶನಿಗೆ ಫ್ಯಾಕ್ಟರಿಯಲ್ಲಿ ಎರಡನೇ ಪಾಳಿ. ಹಾಗಾಗಿ ಬೆಳಿಗ್ಗೆ ಬೇಗ ಬಸ್ಸು ಹಿಡಿದು ಮಧ್ಯಾಹ್ನದೊಳಗೆ ವಾಪಸಾಗಬೇಕಾಯಿತು.

ನಿವೃತ್ತಿಯಾದ ಮೇಲೆ ನಾನು ಬರೆಯುವುದನ್ನೇ ಬಿಟ್ಟಿದ್ದೆ. ಹುಲ್ಲಹಳ್ಳಿ ಶಾಲೆಯಲ್ಲಿ ಪಾಠ ಟಿಪ್ಪಣಿ ಬರೆದು ಬರೆದು ಜೀವ ಸಾಕಾಗಿತ್ತು. ಈಗ ಮತ್ತೆ ಪೆನ್ನು ಹಿಡಿದಿದ್ದೇನೆ. ಮನೆಯಲ್ಲಿ ಮಾತಾಡಲು ಜನ ಇಲ್ಲವೆಂದಲ್ಲ. ನನ್ನ ಮಾತನ್ನು ನಡುವೆ ಬಾಯಿ ಹಾಕದೆ ಕೇಳುವವರಿಲ್ಲ.

ಡಾಕ್ಟರಮ್ಮ ಒಳ್ಳೆಯವರೇ, ಆದರೆ ಪ್ರಶ್ನೆ ಜಾಸ್ತಿ. ನಿದ್ದೆ ಹೇಗೆ, ಕೈ ನಡುಗುತ್ತದೆಯೇ, ಕೂತಲ್ಲಿ ಕೂರಲಾಗದೆ ಚಡಪಡಿಸುವುದು ಉಂಟೇ, ದನಿಗಳು ಈಗಲೂ ಕೇಳುತ್ತವೆಯೇ. ಕೊನೆಗೆ, "ಮುಟ್ಟು ಸರಿಯಾಗಿ ಆಗ್ತಿದೆಯೇನಮ್ಮಾ?" ಎಂದರು. ಅಮೃತೇಶ ಪಕ್ಕದ ಕುರ್ಚಿಯಲ್ಲೇ ಇದ್ದ. ಬಾಗಿಲಲ್ಲಿ ಯಾರೋ ಗಂಡಸರು ಚೀಟಿ ಹಿಡಿದು ನಿಂತಿದ್ದರು. ಹುಡುಗಿ ತಲೆ ತಗ್ಗಿಸಿತು. "ಎಲ್ಲಾ ಸರಿಯಾಗಿದೆ ಡಾಕ್ಟರಮ್ಮ" ಎಂದು ನಾನೇ ಹೇಳಿದೆ. ಹೆದರಿದ ಮಕ್ಕಳ ಬಾಯಿಗೆ ಉತ್ತರ ಕೊಟ್ಟು ಕೊಟ್ಟು ನನಗೆ ಅಭ್ಯಾಸ. ಎರಡು ತಿಂಗಳು ಬಿಟ್ಟು ಬನ್ನಿ, ನನ್ನನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ ಎಂದು ಹೇಳಿ ಕಳಿಸಿದರು.

ಹೋದ ವರ್ಷ ಈ ಹೊತ್ತಿಗೆ ನಯನ ನನ್ನ ಕೈಯಡುಗೆ ಬಿಟ್ಟಿದ್ದಳು. ಹಿತ್ತಲಿನಿಂದ ಹೆಂಗಸರು ಮಾತಾಡುವುದು ಅವಳೊಬ್ಬಳಿಗೇ ಕೇಳುತ್ತಿತ್ತು. ಸಾರಿಗೆ ಅತ್ತೆ ಏನೋ ಬೆರೆಸುತ್ತಾಳೆ ಎಂದು ಆ ಹೆಂಗಸರು ಹೇಳುತ್ತಿದ್ದರಂತೆ. ಸಿಪ್ಪೆ ಇರುವ ಬಾಳೆಹಣ್ಣು ಒಂದನ್ನೇ ತಿನ್ನುತ್ತಿದ್ದಳು. ಅದಕ್ಕೆ ವಿಷ ಹಾಕಲು ಆಗುವುದಿಲ್ಲವಲ್ಲ. ದೀಪಾವಳಿ ಆದಮೇಲೆ ಈ ಮಾತ್ರೆ ಶುರುವಾಯಿತು. ರಿಸ್ಪೆರಿಡೋನ್ ಎಂದು ಹೆಸರು. ಮೊದಲು ದನಿಗಳು ದೂರ ಹೋದವು, ಆಮೇಲೆ ನಿಂತವು. ಒಂದು ದಿನ ತಾನಾಗಿ ಬಂದು, "ಅತ್ತೆ, ಅನ್ನ ಇದ್ಯಾ?" ಎಂದು ಕೇಳಿದಳು. ಅವತ್ತು ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಆದರೂ ನಾಲ್ಕು ಜನರ ಮುಂದೆ ನನ್ನನ್ನು ವಿಷ ಹಾಕುವವಳು ಎಂದಿದ್ದಳು. ಕಾಯಿಲೆಯ ಮಾತು ಅದು ಎಂದು ಗೊತ್ತು. ಗೊತ್ತಿದ್ದರೂ ಎದೆಯಿಂದ ಇಳಿದಿಲ್ಲ. ಅವಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದೇನೆ. ಪ್ರೀತಿ ಇದೆಯೇ ಎಂದರೆ, ಸುಳ್ಳು ಬರೆಯಲಾರೆ.

೫ ಜುಲೈ

ಸೊಸೆ ಮೈ ತುಂಬಿಕೊಂಡಿದ್ದಾಳೆ. ಮದುವೆಯ ರವಿಕೆಗಳು ಒಂದೂ ಹಿಡಿಸುತ್ತಿಲ್ಲ. ಎರಡು ಮುದ್ದೆ ಉಂಡು ಮತ್ತೆ ಕೈ ಚಾಚುತ್ತಾಳೆ. ಮಧ್ಯಾಹ್ನ ಮಲಗಿದರೆ ಸಂಜೆ ಎಬ್ಬಿಸಬೇಕು. ಇದೆಲ್ಲ ಮಾತ್ರೆಯಿಂದ ಎಂದು ಇಷ್ಟು ದಿನ ಅಂದುಕೊಂಡಿದ್ದೆ.

ಇವತ್ತು ಬಟ್ಟೆ ಒಣಹಾಕುವಾಗ ಒಂದು ವಿಷಯ ಹೊಳೆಯಿತು. ಹಿತ್ತಲಿನ ಹಗ್ಗದ ಆ ತುದಿಯಲ್ಲಿ, ಹಳೆಯ ಸೀರೆಯ ಮರೆಯಲ್ಲಿ ಅವಳು ತಿಂಗಳಿಗೊಮ್ಮೆ ಹಾಕುವ ಬಟ್ಟೆಯನ್ನು ಬಸವ ಜಯಂತಿ ಆದಮೇಲೆ ನಾನು ನೋಡಿಲ್ಲ. ನಮ್ಮಲ್ಲಿ ಮೈಲಿಗೆ ಎಂದು ಹೊರಗೆ ಕೂರಿಸುವ ಪದ್ಧತಿ ಇಲ್ಲ. ಇದ್ದಿದ್ದರೆ ಇಷ್ಟು ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿರುತ್ತಿತ್ತು.

ಸುಮ್ಮನಿದ್ದೇನೆ. ಇನ್ನೆರಡು ದಿನ ನೋಡೋಣ.

೭ ಜುಲೈ, ಸೋಮವಾರ

ನೋಡುವುದು ಇನ್ನೇನೂ ಇಲ್ಲ.

ಬೆಳಿಗ್ಗೆ ನಯನ ನೀರು ಕಾಯಿಸುತ್ತಾ ಕೂತಿದ್ದಾಗ ರವಿಕೆಯ ಎದೆಯ ಮೇಲೆ ಒದ್ದೆ ಕಲೆ ಕಂಡಿತು. "ಏನವ್ವ ಅದು?" ಎಂದೆ. ಸೆರಗು ಮುಚ್ಚಿಕೊಂಡಳು. ಒತ್ತಾಯ ಮಾಡಿದ ಮೇಲೆ, "ಹಾಲಿನ ಥರ ಬತ್ತದೆ ಅತ್ತೆ. ಹೇಳೋಕೆ ನಾಚಿಕೆ ಆಯ್ತು" ಎಂದಳು. "ಮುಟ್ಟಾಗಿ ಎಷ್ಟು ದಿನ?" "ಎರಡು ತಿಂಗಳು ಆಗಿರ್ಬೇಕು."

ಎದೆಯಲ್ಲಿ ಹಾಲು, ಮೈ ಭಾರ, ಹಸಿವು, ನಿದ್ದೆ, ಮುಟ್ಟಿಲ್ಲ. ಇನ್ನು ಯಾವ ಡಾಕ್ಟರು ಹೇಳಬೇಕು. ನಾನೂ ಒಂದು ಹೆತ್ತವಳೇ.

ಮೂರು ವರ್ಷದಿಂದ ವಿಶೇಷ ಇಲ್ಲವೇ ಎಂದು ಕೇಳಿದವರಿಗೆಲ್ಲ ಏನೋ ಒಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ತಲೆ ಕೆಟ್ಟವಳಿಗೆ ಮಕ್ಕಳು ಬೇರೆ ಕೇಡು ಎಂದು ಬೆನ್ನ ಹಿಂದೆ ಆಡಿದವರೂ ಉಂಟು. ಸಂತೋಷಕ್ಕೆ ಕೈಕಾಲು ಆಡಲಿಲ್ಲ. ಅವಳ ಕೆನ್ನೆ ಹಿಡಿದು, "ನನ್ನ ಮಗಳೇ" ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದು ಇದೇ ಮೊದಲು ಎಂದು ಬರೆಯುವಾಗ ಗೊತ್ತಾಗುತ್ತಿದೆ.

ಅಮೃತೇಶ ಕೆಂಪಗಾದ. "ಮೆಡಿಕಲ್ ಶಾಪಲ್ಲಿ ಅದೇನೋ ಟೆಸ್ಟ್ ಸಿಗುತ್ತಂತಲ್ಲಮ್ಮ" ಎಂದ. ಅಂಗಡಿಯ ಚಿಕ್ಕಸ್ವಾಮಿಯ ಕೈಯಲ್ಲಿ ಅದನ್ನು ಕಟ್ಟಿಸಿಕೊಂಡರೆ ಸಂಜೆಯೊಳಗೆ ಪೇಟೆ ಬೀದಿಗೆಲ್ಲ ಸುದ್ದಿ. ಮೂರು ತಿಂಗಳು ತುಂಬುವವರೆಗೆ ಯಾರ ಕಿವಿಗೂ ಬೀಳಬಾರದು. ನಮ್ಮ ಮನೆಯಲ್ಲಿ ಹಿಂದಿನಿಂದ ನಡೆದು ಬಂದದ್ದು. ಎಳೆ ಬಸಿರಿಗೆ ಕಣ್ಣು ಬೇಗ ತಾಗುತ್ತದೆ. ಮೂರು ತುಂಬಿ ನಾಲ್ಕಕ್ಕೆ ಬೀಳಲಿ, ಡಾಕ್ಟರಿಗೂ ಹೇಳೋಣ, ಅವಳ ಅವ್ವನಿಗೂ ಹೇಳೋಣ ಎಂದೆ. ಮಗ ಒಪ್ಪಿದ. ಅವನು ಯಾವುದಕ್ಕೆ ತಾನೇ ಒಪ್ಪುವುದಿಲ್ಲ.

೮ ಜುಲೈ

ಮಾತ್ರೆ ನಿಲ್ಲಿಸಿದೆ.

ಹೊಟ್ಟೆಯಲ್ಲಿ ಕೂಸಿರುವಾಗ ತಲೆಯ ಮಾತ್ರೆ ನುಂಗಿಸಿದರೆ ಆ ಕೂಸಿನ ತಲೆ ಏನಾಗಬೇಕು. ಯೋಚಿಸಿದರೇ ಭಯವಾಗುತ್ತದೆ. ನಯನ ರಾತ್ರಿ ಊಟ ಆದಮೇಲೆ ಎಂದಿನಂತೆ ನೀರಿನ ಲೋಟ ಹಿಡಿದು ಬಂದಳು. ಮಾತ್ರೆ ಡಬ್ಬ ನನ್ನ ಬೀರುವಿನಲ್ಲಿ ಇರುತ್ತದೆ. ಇನ್ನು ಬೇಡ ಎಂದೆ.

"ಡಾಕ್ಟರಮ್ಮನ್ನ ಒಂದು ಮಾತು ಕೇಳೋಣ್ವಾ ಅತ್ತೆ? ನಿಲ್ಲಿಸ್ಬೇಡಿ ಅಂದಿದ್ರು."

"ಅವರಿಗೆ ಆಗ ವಿಷಯ ಗೊತ್ತಿರಲಿಲ್ಲ ಕಣವ್ವ."

"ನಂಗೆ ಭಯ ಆಗ್ತದೆ."

"ಬಸಿರಲ್ಲಿ ಎಲ್ಲರಿಗೂ ಭಯ ಆಗುತ್ತೆ. ನಾನಿಲ್ವಾ?"

ಲೋಟದ ನೀರನ್ನಷ್ಟೇ ಕುಡಿದು ಹೋದಳು.

೨೦ ಜುಲೈ

ಮಾತ್ರೆ ಬಿಟ್ಟದ್ದೇ ಒಳ್ಳೆಯದಾಯಿತು. ಮುಖದಲ್ಲಿ ಕಳೆ ಬಂದಿದೆ. ಮೊದಲು ಗೋಡೆಗೆ ಹೇಳಿದಂತೆ ಇರುತ್ತಿತ್ತು, ಈಗ ನಗಿಸಿದರೆ ನಗುತ್ತಾಳೆ. ಮಧ್ಯಾಹ್ನದ ನಿದ್ದೆ ಹೋಯಿತು. ನನಗಿಂತ ಮೊದಲೇ ಎದ್ದು ಅಂಗಳ ಸಾರಿಸಿ ರಂಗೋಲಿ ಬಿಟ್ಟಿರುತ್ತಾಳೆ. ಇಂಥ ಮಗುವನ್ನು ಎಂಟು ತಿಂಗಳು ಮಂಕು ಮಾಡಿ ಕೂರಿಸಿದ್ದರಲ್ಲ ಎಂದು ಡಾಕ್ಟರ ಮೇಲೆ ಸಿಟ್ಟು ಬರುತ್ತದೆ.

ದಿನಾ ತಲೆಗೆ ಎಣ್ಣೆ ಹಚ್ಚಿ ಬಾಚುತ್ತೇನೆ. ಅನ್ನಕ್ಕೆ ತುಪ್ಪ ಹಾಕಿ ಕಲಸಿ ಕೈತುತ್ತು ಕೊಟ್ಟರೆ ಚಿಕ್ಕವಳಂತೆ ಎದುರಿಗೆ ಕೂತು ತಿನ್ನುತ್ತಾಳೆ. ತುತ್ತು ಕೊಡುವಾಗ ಅವಳ ಎಡಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ ಇರುವುದು ಕಂಡಿತು. ಮೂರು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ, ಇವತ್ತು ಕಂಡಿತು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾತಿ ನನ್ನದಲ್ಲ. ಆದರೂ ನನ್ನ ಎರಡು ಹಳೆಯ ನೂಲಿನ ಸೀರೆಗಳನ್ನು ಒಗೆದು ಮಡಿಸಿ ಇಟ್ಟೆ. ಮೆತ್ತಗಿವೆ, ಎಂದಾದರೂ ಬೇಕಾಗುತ್ತವೆ.

೩೦ ಜುಲೈ

ನೀರು ವಾಸನೆ ಎನ್ನುತ್ತಾಳೆ. ಕಾಫಿಯೂ ವಾಸನೆ. ಒಗ್ಗರಣೆ ಹಾಕಿದರೆ ಎದ್ದು ಹೊರಗೆ ಹೋಗುತ್ತಾಳೆ. ನನಗೂ ಅಮೃತೇಶ ಹೊಟ್ಟೆಯಲ್ಲಿದ್ದಾಗ ಇಂಗಿನ ವಾಸನೆ ಆಗುತ್ತಿರಲಿಲ್ಲ. ವಾಂತಿ ಒಂದು ಇಲ್ಲ, ಅದೊಂದು ಪುಣ್ಯ.

ನಿದ್ದೆ ಕಡಿಮೆ. ಅದೂ ಸಹಜ.

೬ ಆಗಸ್ಟ್

ಕೈತುತ್ತು ಬೇಡ ಎಂದಳು. "ನೀವು ಮೊದ್ಲು ತಿನ್ನಿ" ಎಂದಳು. ನಾನು ತಿಂದು ತೋರಿಸಿದೆ. ಆದರೂ ಬಾಯಿ ತೆರೆಯಲಿಲ್ಲ.

ಬಸುರಿಯ ಹಟ ಎಂದು ಬರೆಯಲು ಹೊರಟು ಪೆನ್ನು ಕೆಳಗಿಟ್ಟೆ. ಆಮೇಲೆ ಹಾಗೆಯೇ ಬರೆಯುತ್ತಿದ್ದೇನೆ. ಬಸುರಿಯ ಹಟ.

೧೦ ಆಗಸ್ಟ್

ಮೂರು ತುಂಬಿತು. ಟಿ. ನರಸೀಪುರದಿಂದ ಬೀಗಿತಿ ಮಹದೇವಮ್ಮನನ್ನು ಕರೆಸಿದೆ. ನಯನಳ ತಾಯಿ. ಗಂಡ ಹೋದಮೇಲೆ ಅಲ್ಲಿನ ಬಸ್ ಸ್ಟ್ಯಾಂಡಿನ ಹತ್ತಿರ ಹೂವಿನ ವ್ಯಾಪಾರ ಮಾಡಿ ಮಗಳನ್ನು ಪಿಯುಸಿ ಓದಿಸಿದಾಕೆ. ಒಂದು ಕುಕ್ಕೆ ಹೂವು, ಹುಣಸೆ ತೊಕ್ಕು ತಂದರು. ಖುಷಿಯಲ್ಲಿ ಕುಣಿಯುತ್ತಾರೆ ಎಂದುಕೊಂಡಿದ್ದೆ. ಮಗಳ ಮುಖ ನೋಡಿದವರು ಕುಕ್ಕೆಯನ್ನು ಇಳಿಸಲೇ ಇಲ್ಲ.

ನಯನ ಹಿತ್ತಲ ಬಾಗಿಲ ಕಡೆ ಕಿವಿಗೊಟ್ಟು ಕೂತಿದ್ದಳು. ಅವ್ವ ಮಾತಾಡಿಸಿದರೆ ಹೂಂ ಎಂದಳು, ಅಷ್ಟೇ.

ಅಡುಗೆಮನೆಗೆ ಬಂದು ಮಹದೇವಮ್ಮ ತಗ್ಗಿದ ದನಿಯಲ್ಲಿ ಹೇಳಿದರು: "ಮೇಷ್ಟ್ರಮ್ಮೋರೆ, ಬಸುರಿ ಕಣ್ಣು ಇಂಗಿರಕಿಲ್ಲ. ಇದು ಓದ್ವರ್ಸದ ಕಣ್ಣು ಕಣ್ರೀ. ಮಾತ್ರೆ ಕೊಡ್ತಾ ಇದ್ದೀರಾ?"

"ಬಸುರಿಗೆ ಆ ಮಾತ್ರೆ ಕೊಡೋಕಾಗುತ್ತೇನ್ರೀ?"

"ಯಾರು ಯೋಳುದ್ರು ಕೊಡಬ್ಯಾಡಿ ಅಂತ?"

ನನ್ನನ್ನು ಪ್ರಶ್ನೆ ಕೇಳುವವರು ಕಡಿಮೆ, ಅಭ್ಯಾಸ ಇಲ್ಲ. ಸ್ವಾತಂತ್ರ್ಯ ದಿನದ ರಜೆ ಕಳೆದು ಸೋಮವಾರ ಮೈಸೂರಿಗೆ ಹೋಗುವುದೆಂದು ಮಾತಾಯಿತು. ಮಹದೇವಮ್ಮ ನಾಳೆಯೇ ಹೋಗೋಣ ಎಂದರು. ಇಷ್ಟು ದಿನ ಕಾದಿದ್ದೇವೆ, ಇನ್ನೊಂದು ವಾರ ಎಂದೆ.

೧೪ ಆಗಸ್ಟ್

ಹೋಯಿತು.

ಬೆಳಿಗ್ಗೆ ಬಚ್ಚಲಿನಿಂದ ಕೂಗಿದಳು. ಸೀರೆಯೆಲ್ಲ ರಕ್ತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಮೃತೇಶ ಗೋಡೆಗೆ ಒರಗಿ ಅತ್ತ. ನಾನು ಅವಳನ್ನು ತಬ್ಬಿಕೊಳ್ಳಲು ಹೋದೆ. ಗೋಡೆಯ ಮೂಲೆಗೆ ಸರಿದು, "ನನ್ನ ಮಗೂನ ನೀವೇ ತೆಗ್ದಿದ್ದು. ಅವ್ರು ಹೇಳಿದ್ರು. ಅನ್ನದಲ್ಲಿ ಹಾಕಿ ತೆಗ್ದ್ರಿ" ಎಂದಳು.

ಕಾರು ಬರುವವರೆಗೆ ಅದೇ ಮಾತು. ಹೋದ ವರ್ಷ ಇದೇ ಮಾತಿಗೆ ಸಿಟ್ಟು ಬಂದಿತ್ತು. ಇವತ್ತು ಬರಲಿಲ್ಲ. ಅವಳು ಅಷ್ಟು ಹೆದರಿದ್ದಳು.

೧೬ ಆಗಸ್ಟ್, ಮೈಸೂರು

ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಬರೆಯುತ್ತಿದ್ದೇನೆ.

ಮಗು ಹೋಗಿಲ್ಲ. ಮಗು ಇರಲೇ ಇಲ್ಲ.

ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆ ಆಯಿತು. ಡಾಕ್ಟರಮ್ಮ ನನ್ನನ್ನೂ ಅಮೃತೇಶನನ್ನೂ ಒಳಗೆ ಕೂರಿಸಿಕೊಂಡು ಹೇಳಿದರು. ಆ ಮಾತ್ರೆ ತಲೆಯಲ್ಲಿ ದನಿಗಳನ್ನು ಅಡಗಿಸುವ ಹೊತ್ತಿನಲ್ಲೇ, ಬಾಣಂತಿಗೆ ಹಾಲು ಬರಿಸುವ ಹಾರ್ಮೋನನ್ನೂ ಏರಿಸುತ್ತದಂತೆ. ಎಲ್ಲರಿಗೂ ಅಲ್ಲ, ಕೆಲವರಿಗೆ. "ಮುಟ್ಟು ನಿಲ್ಲುತ್ತೆ. ಎದೆಯಲ್ಲಿ ಹಾಲು ಬರಬಹುದು. ತೂಕ ಏರುತ್ತೆ, ಹಸಿವು, ನಿದ್ದೆ ಜಾಸ್ತಿ. ಬಸುರಿಗೆ ಆಗೋದೆಲ್ಲ ಆಗುತ್ತಮ್ಮ, ಮಗು ಒಂದು ಬಿಟ್ಟು. ಮಾತ್ರೆ ನಿಂತ ಮೇಲೆ ಆ ಹಾರ್ಮೋನ್ ಇಳೀತು, ಮುಟ್ಟು ವಾಪಸ್ ಬಂತು. ನೀವು ಗರ್ಭಪಾತ ಅಂದುಕೊಂಡದ್ದು ಅದನ್ನ."

ನೀರಿನ ವಾಸನೆ, ಊಟ ಬೇಡವೆನ್ನುವುದು, ನಿದ್ದೆ ಬಾರದ್ದು, ಅದೆಲ್ಲ ಕಾಯಿಲೆ ಮರಳಿ ಬರುತ್ತಿದ್ದ ಸದ್ದು. ನಾನು ಅದಕ್ಕೂ ಬಯಕೆ ಎಂದು ಹೆಸರಿಟ್ಟೆ.

"ಹಾಗಾದ್ರೆ ಆ ಮಾತ್ರೆ ಕೆಟ್ಟದ್ದಾ ಡಾಕ್ಟರಮ್ಮ?" ಎಂದು ಅಮೃತೇಶ ಕೇಳಿದ.

"ನಿಮ್ಮ ಹೆಂಡತಿ ಎಂಟು ತಿಂಗಳು ಮನೇಲಿ ಉಂಡು ಮಲಗಿದ್ದು ಅದರಿಂದ. ತೊಂದರೆ ಕೊಟ್ಟದ್ದೂ ಅದೇ. ಎರಡೂ ನಿಜ. ತೊಂದರೆ ಇದೆ ಅಂತ ನನಗೆ ಗೊತ್ತಾಗಿದ್ರೆ ಡೋಸ್ ಇಳಿಸ್ತಿದ್ದೆ, ಇಲ್ಲ ಬೇರೆ ಕೊಡ್ತಿದ್ದೆ. ಅದಕ್ಕೇ ಜೂನ್‌ನಲ್ಲಿ ಕೇಳಿದ್ದು."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

"ನಿಜವಾಗಿ ಬಸುರಿ ಆಗಿದ್ರೂ ನೀವಾಗೇ ನಿಲ್ಲಿಸಬಾರದಿತ್ತು. ತಾಯಿ ಊಟ ಬಿಟ್ಟು ನಿದ್ದೆ ಬಿಟ್ಟು ಹೆದರಿ ಕೂತ್ರೆ ಮಗುವಿಗೂ ಅಪಾಯ. ಅಂಥ ಸಮಯಕ್ಕೂ ದಾರಿ ಇದೆ, ಕೇಳಬೇಕಷ್ಟೆ." ಆಮೇಲೆ ದನಿ ಇಳಿಸಿದರು. "ನಾನೂ ಗಂಡನ್ನ ಹೊರಗೆ ಕಳಿಸಿ ಅವಳೊಬ್ಬಳನ್ನೇ ಕೇಳಬೇಕಿತ್ತು. ನೀವು ಹೇಳಿದ್ರಿ, ನಾನು ಬರ್ಕೊಂಡೆ."

ಅವರು ಬೈದಿದ್ದರೆ ಇದಕ್ಕಿಂತ ಹಗುರಾಗುತ್ತಿತ್ತು.

೨೭ ಆಗಸ್ಟ್, ಮೈಸೂರು

ಈಗ ಬೇರೆ ಮಾತ್ರೆ. ಓಲಂಜಪೈನ್. ಇದರಿಂದ ಮುಟ್ಟು ಸಾಮಾನ್ಯವಾಗಿ ನಿಲ್ಲುವುದಿಲ್ಲವಂತೆ. ಆದರೆ ತೂಕ ಇನ್ನೂ ಏರಬಹುದು, ಸಕ್ಕರೆ ಕಾಯಿಲೆ ಬರಬಹುದು, ಆಗಾಗ ರಕ್ತ ಪರೀಕ್ಷೆ ಆಗಬೇಕು. ತೊಂದರೆಯೇ ಇಲ್ಲದ ಮಾತ್ರೆ ಇಲ್ಲವೇ ಎಂದು ಕೇಳಿದೆ. ನಿಮ್ಮ ಬಿಪಿ ಮಾತ್ರೆಯಲ್ಲಿ ಇಲ್ಲವೇ ಎಂದರು. ನನ್ನ ಕಾಲು ಊದುವುದು ಅದರಿಂದ ಎಂದು ಆಗ ಗೊತ್ತಾಯಿತು. ನಾನು ಯಾರನ್ನೂ ಕೇಳಿರಲಿಲ್ಲ.

ನಯನ ಸ್ವಲ್ಪ ಶಾಂತವಾಗಿದ್ದಾಳೆ. ನರ್ಸ್ ಕೊಟ್ಟ ಇಡ್ಲಿ ತಿನ್ನುತ್ತಾಳೆ. ನಾನು ಬಾಗಿಲಿಗೆ ಬಂದರೆ ಗೋಡೆಯ ಕಡೆ ತಿರುಗುತ್ತಾಳೆ. ಅಮೃತೇಶ ರಜೆ ಹಾಕಿ ಅವಳ ಹತ್ತಿರ ಕೂರುತ್ತಾನೆ, ಅವನ ಕೈಯಿಂದ ನೀರು ಕುಡಿದಳಂತೆ.

ಮಗು ಇರಲಿಲ್ಲ ಎಂದು ಅವಳಿಗೆ ಇವತ್ತು ಹೇಳಿದರು. ನಾನು ಹೇಳುತ್ತೇನೆ ಎಂದಿದ್ದೆ. "ಬೇಡ, ನೀವು ಹೊರಗಿರಿ" ಎಂದರು ಡಾಕ್ಟರಮ್ಮ. ನಾನೂ ಮಹದೇವಮ್ಮನೂ ವರಾಂಡದಲ್ಲಿ ಕೂತೆವು. ಒಳಗಿನಿಂದ ಅಳು ಕೇಳಿತು, ಸಣ್ಣಗೆ, ಬಾಯಿಗೆ ಬಟ್ಟೆ ಒತ್ತಿಕೊಂಡು ಅಳುವ ಅಳು.

"ಒಟ್ಟೇಲಿ ಕೂಸಿಲ್ದೇನೆ ಬಸುರಿ ಸಂಕಟಾನೂ ಪಟ್ಲು, ಕಳ್ಕಂಡ ಸಂಕಟಾನೂ ಪಟ್ಲು ನನ್ ಮಗ" ಎಂದರು ಮಹದೇವಮ್ಮ. ನನ್ನ ಕಡೆ ನೋಡಲಿಲ್ಲ. "ಆಸ್ಪತ್ರೆಯಿಂದ ಬುಟ್ಮೇಲೆ ನರಸೀಪುರಕ್ಕೆ ಕರ್ಕಂಡೋಯ್ತೀನಿ ಮೇಷ್ಟ್ರಮ್ಮೋರೆ. ಬ್ಯಾಡ ಅನ್ಬೇಡಿ."

ಬೇಡ ಎನ್ನಲು ನನಗೆ ಯಾವ ಬಾಯಿ ಇತ್ತು.

೯ ಸೆಪ್ಟೆಂಬರ್

ನಯನ ನರಸೀಪುರಕ್ಕೆ ಹೋದಳು. ಮನೆಗೆ ಬರಲಿಲ್ಲ, ಆಸ್ಪತ್ರೆಯಿಂದ ನೇರ ಹೋದಳು. ಅವಳ ಬಟ್ಟೆ ಅಮೃತೇಶ ತೆಗೆದುಕೊಂಡು ಹೋಗಿ ಕೊಟ್ಟ. ರಾತ್ರಿ ಊಟಕ್ಕೆ ಕೂತು, ಸಾರು ಮುಟ್ಟದೆ ಹೇಳಿದ: "ಅವಳು ಡಾಕ್ಟರ್ನ ಕೇಳೋಣ ಅಂದಿದ್ಲಂತೆ. ನೀನು ಬೇಡ ಅಂದ್ಯಂತೆ. ನಂಗೆ ಅದನ್ನ ಹೇಳ್ಳೇ ಇಲ್ಲ ನೀನು."

"ನೀನು ಕೇಳಿದ್ಯಾ?" ಎಂದೆ.

"ಇಲ್ಲ" ಎಂದ. "ಅದು ನನ್ನ ತಪ್ಪು. ಇನ್ಮೇಲೆ ಕೇಳ್ತೀನಿ."

ಮಗ ನನ್ನ ಎದುರಿಗೆ ಇಷ್ಟು ಮಾತಾಡಿದ್ದು ನೆನಪಿಲ್ಲ. ಸಿಟ್ಟು ಬರಬೇಕಿತ್ತು.

೨೮ ಸೆಪ್ಟೆಂಬರ್

ಬೀರು ತೆಗೆದು, ಮಡಿಸಿಟ್ಟಿದ್ದ ಆ ಎರಡು ನೂಲಿನ ಸೀರೆಗಳನ್ನು ಮನೆ ಒರೆಸಲು ಹಾಕಿದೆ.

೧೨ ಅಕ್ಟೋಬರ್

ಸುತ್ತೂರಿನ ಮೇಲೆ ಹೋಗುವ ಬಸ್ಸು ಹಿಡಿದು ನರಸೀಪುರಕ್ಕೆ ಹೋಗಿದ್ದೆ. ಮಹದೇವಮ್ಮ ಕಾಫಿ ಕೊಟ್ಟರು. ನಯನ ಕೋಣೆಯಿಂದ ಹೊರಗೆ ಬರಲಿಲ್ಲ. ಕರೆಯಲೇ ಎಂದು ಅವರು ಕೇಳಿದರು. ಬೇಡ, ಅವಳಿಗೆ ಬರಬೇಕೆನ್ನಿಸಿದರೆ ಬರಲಿ ಎಂದೆ. ಹೂವು ಕಟ್ಟಲು ಕೂತರು, ನಾನೂ ಕೂತೆ. ನನ್ನ ಮಾಲೆ ಸಡಿಲ. ಬಿಚ್ಚಿ ಮತ್ತೆ ಕಟ್ಟುವುದು ಹೇಗೆಂದು ಹೇಳಿಕೊಟ್ಟರು. ಮೂರು ಬಾರಿ ಕೇಳಬೇಕಾಯಿತು.

೨ ನವೆಂಬರ್

ಮತ್ತೆ ಹೋಗಿದ್ದೆ. ಈ ಸಲ ಹೊರಗೆ ಬಂದಳು. ದಪ್ಪಗಾಗಿದ್ದಾಳೆ, ಕಣ್ಣು ತಿಳಿಯಾಗಿದೆ. ಹೂವಿನ ಬುಟ್ಟಿಯ ಆ ಕಡೆ ಕೂತು, "ಕಾಲು ಊತ ಹೇಗಿದೆ ಅತ್ತೆ?" ಎಂದು ಕೇಳಿದಳು. ಅಮೃತೇಶ ಹೇಳಿರಬೇಕು. ಅವನು ಪ್ರತಿ ಭಾನುವಾರ ಬಂದು ಹೋಗುತ್ತಾನೆ. ಮಾತ್ರೆ ಬದಲಾಯಿಸಿಕೊಂಡೆ, ಈಗ ಇಳಿದಿದೆ ಎಂದೆ. "ಕೇಳಿದ್ರಾ?" ಎಂದಳು. ಕೇಳಿದೆ ಎಂದೆ.

ಅಷ್ಟೇ ಮಾತು. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು, ಗದ್ದೆ ನೋಡುತ್ತಾ ಬಂದೆ. ಎಷ್ಟೋ ದಿನದ ಮೇಲೆ ಮನಸ್ಸಿಗೆ ಹಿತವಾಗಿತ್ತು.

೧೬ ನವೆಂಬರ್

ಬೀದಿಯ ಪುಟ್ಟಗೌರಮ್ಮ ಸೊಸೆ ಎಲ್ಲಿ ಎಂದು ಕೇಳಿದರು. ತವರಿನಲ್ಲಿದ್ದಾಳೆ ಎಂದೆ. ಹೋದವಳನ್ನು ಅಲ್ಲೇ ಬಿಟ್ಟುಬಿಡಿ, ಇರುವ ಒಬ್ಬ ಮಗನಿಗೆ ಇನ್ನೊಂದು ನೋಡಿ, ಕಾಯಿಲೆಯ ಹೆಣ್ಣು ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ ಎಂದರು. ಹೋದ ವರ್ಷ ಇದೇ ಮಾತು ನನ್ನ ಮನಸ್ಸಿನಲ್ಲೂ ಒಮ್ಮೆ ಸುಳಿದು ಹೋಗಿತ್ತು. ಇವತ್ತು, "ನಿಮಗೆ ಸಕ್ಕರೆ ಕಾಯಿಲೆ ಬಂದಾಗ ನಿಮ್ಮ ಯಜಮಾನರು ಇನ್ನೊಂದು ನೋಡಿದ್ರಾ?" ಎಂದೆ. ಮಾತು ಬಿಟ್ಟಿದ್ದಾರೆ. ಬಿಡಲಿ.

೧೪ ಡಿಸೆಂಬರ್, ಟಿ. ನರಸೀಪುರ

ಇವತ್ತು ನಯನಳನ್ನು ಮನೆಗೆ ಕರೆಯಬೇಕೆಂದೇ ಬಂದಿದ್ದೆ. ಏನೇನು ಹೇಳಬೇಕೆಂದು ಬಸ್ಸಿನಲ್ಲಿ ಪಾಠದ ಹಾಗೆ ಒಪ್ಪಿಸಿಕೊಂಡು ಬಂದೆ. ಬಾರದಿದ್ದರೆ ಏನು ಮಾಡುವುದು ಎಂಬುದಕ್ಕೆ ಮಾತ್ರ ಸಿದ್ಧತೆ ಇರಲಿಲ್ಲ. ಅಮೃತೇಶ ನಿನ್ನೆ ಹೇಳಿದ್ದ, ಅವಳು ಬರದಿದ್ದರೆ ತಾನೇ ನರಸೀಪುರದಲ್ಲಿ ಮನೆ ಮಾಡುತ್ತೇನೆಂದು.

ಸಂಜೆ ಇಬ್ಬರೂ ಹೊಳೆಯ ಕಡೆ ನಡೆದೆವು. ಮೆಟ್ಟಿಲ ಮೇಲೆ ಬಿಸಿಲಿನ ಕಾವು ಇನ್ನೂ ಇತ್ತು. ಕೂತ ಮೇಲೆ ನನ್ನ ಪಾಠವೆಲ್ಲ ಮರೆತುಹೋಯಿತು.

"ನಿನ್ನನ್ನ ಕೇಳ್ದೆ ಮಾತ್ರೆ ನಿಲ್ಲಿಸಿದೆ ಕಣವ್ವ. ನೀನು ಭಯ ಆಗ್ತದೆ ಅಂದದ್ದು ನಂಗೆ ಕೇಳಿಸಿತ್ತು. ಕೇಳಿಸಿಯೂ ನಿಲ್ಲಿಸಿದೆ" ಎಂದೆ.

"ಮಾತ್ರೆ ಇನ್ಮೇಲೆ ನನ್ನ ಹತ್ರ ಇರುತ್ತೆ" ಎಂದಳು.

"ಇರಲಿ."

"ಡಾಕ್ಟರಮ್ಮನ ಹತ್ರ ನಾನೇ ಮಾತಾಡ್ತೀನಿ. ಮರೆತ್ರೆ ನೆನಪು ಮಾಡಿ, ಅಷ್ಟೇ."

"ಆಯ್ತು."

"ದನಿ ಮತ್ತೆ ಕೇಳಿದ್ರೆ ನಿಮಗೂ ಹೇಳ್ತೀನಿ. ನಿಮ್ಮ ಮೇಲೇ ಹೇಳಿದ್ರೂ ಹೇಳ್ತೀನಿ. ನೀವು ಬೇಜಾರು ಮಾಡ್ಕೋಬಾರ್ದು."

ಬೇಜಾರಾದರೂ ಕೇಳುತ್ತೇನೆ ಎಂದೆ. ಸ್ವಲ್ಪ ನಕ್ಕಳು.

"ಮಗು ಆಗ್ಬೋದು ಅಂತಾರೆ ಡಾಕ್ಟರಮ್ಮ. ಒಂದೆರಡು ವರ್ಷ ಹೋಗ್ಲಿ, ಮೊದ್ಲೇ ಹೇಳಿ, ನೋಡ್ಕೊಂಡು ಮಾಡೋಣ ಅಂದ್ರು. ಆಗದೇನೂ ಇರ್ಬೋದು. ನಂಗೇ ಬೇಡ ಅನ್ನಿಸ್ಲೂಬೋದು." ನನ್ನ ಕಡೆ ತಿರುಗಿದಳು. "ಆಗ?"

ಈ ಪ್ರಶ್ನೆಗೆ ತಡಮಾಡಿ ಉತ್ತರ ಕೊಟ್ಟರೂ ತಪ್ಪು, ಬೇಗ ಕೊಟ್ಟರೂ ಸುಳ್ಳೆನಿಸುತ್ತದೆ. ಮೊಮ್ಮಗುವಿನ ಆಸೆ ನನ್ನಲ್ಲಿ ಸತ್ತಿಲ್ಲ. ಅದನ್ನೇ ಹೇಳಿದೆ. "ನಂಗೆ ಆಸೆ ಇದೆ ಕಣವ್ವ. ಆದ್ರೆ ಮನೆ ಬಿಕೋ ಅನ್ನೋದು ಮಗು ಇಲ್ಲ ಅಂತ ಅಲ್ಲ. ನೀನಿಲ್ಲ ಅಂತ."

ಸೆರಗಿನ ಅಂಚು ಬೆರಳಿಗೆ ಸುತ್ತಿ ಬಿಚ್ಚಿದಳು. "ಸಂಕ್ರಾಂತಿ ಅವ್ವನ ಜೊತೆ ಮಾಡ್ಕೊಂಡು ಬತ್ತೀನಿ" ಎಂದಳು.

ನನಗೆ ಅಳು ಬಂತು. ಒರೆಸಿಕೊಳ್ಳುವಷ್ಟರಲ್ಲಿ ಅವಳು ಮತ್ತೆ ಮಾತಾಡಿದಳು. ನೀರಿನ ಕಡೆಗೇ ನೋಡುತ್ತಾ, ದೂರುವ ದನಿಯಲ್ಲೂ ಅಲ್ಲ, ಸಮಾಧಾನ ಹೇಳುವ ದನಿಯಲ್ಲೂ ಅಲ್ಲ.

"ಆ ಒಂದು ತಿಂಗಳು ನನ್ನ ಎಷ್ಟು ಚೆನ್ನಾಗಿ ನೋಡ್ಕೊಂಡ್ರಿ ಅತ್ತೆ. ಎಣ್ಣೆ ಹಚ್ಚಿ ತಲೆ ಬಾಚಿದ್ರಿ. ಕೈತುತ್ತು ಕೊಟ್ರಿ. ಮಗಳೇ ಅಂದ್ರಿ."

"ಹೂಂ."

"ಹೊಟ್ಟೇಲಿ ಯಾರೂ ಇರ್ಲಿಲ್ಲ ಅತ್ತೆ. ನಾನೊಬ್ಳೇ ಇದ್ದದ್ದು."

ಮೇಲೆ ರಸ್ತೆಯಲ್ಲಿ ನಂಜನಗೂಡಿನ ಕೊನೆಯ ಬಸ್ಸು ಹಾರನ್ ಹೊಡೆದು ಹೊರಟದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಏಳಲಿಲ್ಲ.